ಹೆಜ್ಜೆಯ ಆಳ

ಕುಸ್ತಿ ಕಲಿಸುವ ಸೈದಪ್ಪ ವಸ್ತಾದ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು, ಕುತ್ತಿಗೆ ಹೊರಳಿಸಿ, ತಾನು ಬಂದ ದಾರಿಯನ್ನು ನೋಡುತ್ತಿದ್ದ. ಅದು ನಲವತ್ತೆಂಟರ ಬೇಸಿಗೆ. ನಿಜಾಮರ ರಾಜ್ಯ ಇಂದು ಬೀಳುವುದೋ ನಾಳೆ ಬೀಳುವುದೋ ತಿಳಿಯದೆ, ರಜಾಕಾರರ ಸುದ್ದಿ ಬಂದೊಡನೆ ಅಫಜಲಪುರದ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದ ಕಾಲ. ಬೆನ್ನ ಹಿಂದೆ ಯಾರೋ ಬರುತ್ತಿದ್ದಾರೆಂಬ ಗುಮಾನಿ ಇವನಿಗೆ ಎಂದೇ ನಾನು ಬಹುದಿನ ನಂಬಿದ್ದೆ. ಅವನು ನೋಡುತ್ತಿದ್ದದ್ದು ತನ್ನದೇ ಹೆಜ್ಜೆಗುರುತನ್ನು ಎಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ನಾನು ಮಾಸ್ತರನಾಗಿದ್ದ ಶಾಲೆಗೂ ಅವನ ತಾಲೀಮಿನ ಗರಡಿಗೂ ನಡುವೆ ಒಂದೇ ಗೋಡೆ. ಕುಸ್ತಿ ಕಲಿಯಲು ಬಂದವರು ಶರಣು ಎನ್ನುವ ಮೊದಲೇ ಅವನ ಪ್ರಶ್ನೆ ಎದುರಾಗುತ್ತಿತ್ತು: "ಉಂಡು ಬಂದೀಯೇನಲೇ?" ಸುಳ್ಳು ಹೇಳಿದವನ ಹೊಟ್ಟೆಯನ್ನು ಬೆರಳಿನಿಂದ ತಿವಿದು ನೋಡಿ ಮನೆಗೆ ಅಟ್ಟುತ್ತಿದ್ದ. "ಖಾಲಿ ಹೊಟ್ಟೀಲೆ ದಂಡ ಹೊಡದ್ರ ಮೈನ ಮೈಯನ್ನ ತಿಂತದ," ಎನ್ನುತ್ತಿದ್ದ. ಯಾರಿಗೆ ಎಷ್ಟು ಹಾಲು, ಎಷ್ಟು ಬಾದಾಮಿ, ಎಷ್ಟು ಬೈಠಕ್ ಎಂಬುದನ್ನು ಕಣ್ಣಳತೆಯಲ್ಲೇ ನಿಷ್ಕರ್ಷಿಸಬಲ್ಲ ಆ ಮಹಾನುಭಾವ, ತನ್ನ ಬುತ್ತಿ ಬಂದಾಗ ಮಾತ್ರ "ಆಮ್ಯಾಲೆ" ಎಂದು ಅದನ್ನು ಶಿಷ್ಯರಿಗೆ ಹಂಚಿಬಿಡುತ್ತಿದ್ದ. ಸುಡುವ ಬಿಸಿಲಿನಲ್ಲೂ ಒಂದು ಕರಿಯ ಉಣ್ಣೆಯ ಕೋಟು ತೊಡುತ್ತಿದ್ದ. ಕೊಬ್ಬು ಜನರ ಕಣ್ಣಿಗೆ ಬೀಳಬಾರದಂತೆ! ಆ ಕೋಟಿನೊಳಗೆ ಎಲುಬಲ್ಲದೆ ಬೇರೇನೂ ಉಳಿದಿರಲಿಲ್ಲ.

ಊರವರು ಇದನ್ನು ನಿಷ್ಠೆ ಎಂದರು, ಹಣಮಪ್ಪನ ವ್ರತ ಎಂದರು. ನಾನೂ ತರಗತಿಯಲ್ಲಿ ಸಂಯಮಕ್ಕೆ ಅವನನ್ನೇ ನಿದರ್ಶನವಾಗಿ ಕೊಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಿಜ ಸಂಗತಿ ಹೇಳಿದವಳು ಅವನ ಹೆಂಡತಿ ನಿಂಬೆವ್ವ. ಹಿಂದಿನ ವರ್ಷ ಜೇವರ್ಗಿಯ ಕುಸ್ತಿಯಲ್ಲಿ ಇವನು ಚಿತ್ತಾಗಿ ಬಿದ್ದಾಗ, "ಕಸುವೆಲ್ಲಿ ಅದ? ಮೈತುಂಬ ಬರೇ ಕೊಬ್ಬು!" ಎಂದು ಗುಂಪಿನಿಂದ ಯಾರೋ ಕೂಗಿದರಂತೆ. ಮರುದಿನ ಹಾಲು ಬಿಟ್ಟ, ಆಮೇಲೆ ತುಪ್ಪ, ಆಮೇಲೆ ರಾತ್ರಿಯ ರೊಟ್ಟಿ.

ತನ್ನ ಭಾರ ಅಳೆಯಲು ಅವನು ಕಂಡುಕೊಂಡಿದ್ದ ಉಪಾಯವೇ ವಿಲಕ್ಷಣವಾದದ್ದು. ಬೆಳಗಿನ ಜಾವ ಅಖಾಡದ ಮಣ್ಣನ್ನು ಅಗೆದು ಸಡಿಲಿಸಿ, ಬಲಗಾಲಿಟ್ಟು, ಗುರುತಿನೊಳಗೆ ಬೆರಳಿಳಿಸುವನು. "ನೋಡ್ರಿ ಮಾಸ್ತರ, ಇನ್ನಾ ನಾಕು ಬೆರಳು ಇಳೀತದ. ಭಾರ ಕಮ್ಮಿ ಆಗವಲ್ದು." ಕಮ್ಮಿಯಾಗಲೆಂದು ಇನ್ನಷ್ಟು ಅಗೆಯುವನು, ಅಗೆದಷ್ಟೂ ಮಣ್ಣು ಮೆತ್ತಗಾಗಿ ಕಾಲು ಮತ್ತಷ್ಟು ಇಳಿಯುವುದು. ಇದನ್ನು ಬಿಡಿಸಿ ಹೇಳಿದೆ. ಶಾಂತವಾಗಿ ಕೇಳಿದ, "ಖರೆ ಅದರಿ" ಎಂದು ಒಪ್ಪಿದ, ಮತ್ತೆ ಸಲಿಕೆ ಹಿಡಿದ!

ಒಂದು ಬೆಳಿಗ್ಗೆ ಬೈಠಕ್ ಹೊಡೆಯುತ್ತಲೇ ಎಚ್ಚರತಪ್ಪಿ ಬಿದ್ದ. ಆಳಂದದಿಂದ ಬಂದ ಹಕೀಮರು ನಾಡಿ ಹಿಡಿದು, ರೋಗವೇನೂ ಕಾಣುವುದಿಲ್ಲ, ಆದರೆ ಹೀಗೇ ಬಿಟ್ಟರೆ ಇವನು ಮಳೆಗಾಲ ಕಾಣುವುದಿಲ್ಲ ಎಂದರು. ಮರುದಿನ ಅವನು ಮತ್ತೆ ಹೆಜ್ಜೆ ಅಳೆಯುತ್ತಿದ್ದಾಗ ನಿಂಬೆವ್ವ, ಹೆಂಗಸರು ಎಂದೂ ದಾಟದ ತಾಲೀಮಿನ ಹೊಸ್ತಿಲನ್ನು ದಾಟಿ, ನೆಟ್ಟಗೆ ಅಖಾಡಕ್ಕಿಳಿದು, ಗಂಡನ ಹೆಜ್ಜೆಯ ಪಕ್ಕದಲ್ಲಿ ತನ್ನ ಹೆಜ್ಜೆಯಿಟ್ಟಳು. ಆ ಸಣ್ಣ ಜೀವದ ಗುರುತು ಅವನದಕ್ಕಿಂತ ಒಂದು ಬೆರಳು ಆಳವಾಗಿತ್ತು. "ಈಗರೆ ನೋಡ್ರಿ," ಎಂದಳು.

ಅವನು ಬಗ್ಗಿ ಎರಡರೊಳಗೂ ಬೆರಳಿಳಿಸಿ ನೋಡಿದ. ಇನ್ನು ಕಣ್ಣು ತೆರೆಯಿತೆಂದು ನಾನು ಅಂದುಕೊಂಡೆ.

"ನಿಂಬೆವ್ವ," ಎಂದ, ಅಪಾರ ಕನಿಕರದಿಂದ, "ನಿನ್ನ ಮೈಯಾಗೂ ಭಾರ ಕೂತದ. ಎರಡು ದಿನ ರಾತ್ರಿ ರೊಟ್ಟಿ ಬಿಡು."

ನನಗೆ ಸಿಟ್ಟು ನೆತ್ತಿಗೇರಿತು. "ಕಣ್ಣು ಕುರುಡಾಗ್ಯಾವೇನು, ಸೈದಪ್ಪ?" ಎಂದು ಕೂಗಿಬಿಟ್ಟೆ. ನಿಂಬೆವ್ವ ಕೂಗಲಿಲ್ಲ. ಮಣ್ಣಿನಲ್ಲೇ ಕುಳಿತು ಮೆಲ್ಲಗೆ ಕೇಳಿದಳು: "ನಿಮಗ ಹಸಿವು ಆಗೂದಿಲ್ಲೇನ್ರಿ?"

ಅವನ ಮುಖ ಒಮ್ಮೆಲೇ ಕುಸಿಯಿತು. "ಆಗ್ತದ. ಹಗಲೆಲ್ಲ ಆಗ್ತದ. ರೊಟ್ಟಿ ಕೈಯಾಗ ಹಿಡದ್ರ ಅಂಜಿಕಿ ಬರ್ತದ."

ತಿಂಗಳ ಹಿಂದಷ್ಟೇ ಬಂದೂಕು ಹಿಡಿದ ರಜಾಕಾರರು ಬಂದಾಗ ತಾಲೀಮಿನ ಬಾಗಿಲಿಗೆ ಅಡ್ಡ ನಿಂತು ಒಂದು ಹೆಜ್ಜೆಯೂ ಸರಿಯದಿದ್ದ ಮನುಷ್ಯ, ಜೋಳದ ರೊಟ್ಟಿಗೆ ಅಂಜುತ್ತಿದ್ದ. ನಿಂಬೆವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಯಿಂದ ಉಗುರಿನಷ್ಟು ಮುರಿದು ಅವನ ಅಂಗೈಯಲ್ಲಿಟ್ಟು, ತಿನ್ನಿರೆನ್ನದೆ, ಮುಖ ಆಚೆ ತಿರುಗಿಸಿ ಕುಳಿತಳು. ಬಿಸಿಲು ಗೋಡೆಯಿಂದ ನೆಲಕ್ಕಿಳಿಯುವವರೆಗೂ ಆ ಚೂರು ಅಂಗೈಯಲ್ಲೇ ಉಳಿಯಿತು. ಕೊನೆಗೆ ಬಾಯಿಗೆ ಹೋಯಿತು. ಅಂದು ಅಷ್ಟೇ. ಮಾರನೆಯ ದಿನ ಇನ್ನೊಂದು ಚೂರು. ಕೆಲವು ದಿನ ಅದೂ ಇಲ್ಲ. ಮಳೆಗಾಲವನ್ನಂತೂ ಕಂಡ. ಆ ವರ್ಷದ ಕೊನೆಗೆ ನನಗೆ ವರ್ಗವಾಯಿತು; ಅವನು ಪೂರ್ತಿ ಗುಣವಾದನೆಂದು ಹೇಳಲಾರೆ, ಆ ಬೇನೆಗೇನು ಹೆಸರೆಂಬುದೂ ನನಗೆ ತಿಳಿಯದು.

ದೇಹವನ್ನು ಗೆದ್ದವರೆಂದು ನಾವು ಕೊಂಡಾಡುವವರಲ್ಲಿ ಕೆಲವರು ದೇಹಕ್ಕೆ ಹೆದರಿ ಓಡುತ್ತಿರುತ್ತಾರೆ, ನಮ್ಮ ಹೊಗಳಿಕೆ ಅವರನ್ನು ಇನ್ನಷ್ಟು ಓಡಿಸುತ್ತದೆ. ಅವರಿಗೆ ಬುದ್ಧಿ ಹೇಳುವವರು ಹಲವರು, ಕೈಮುಗಿಯುವವರು ಇನ್ನೂ ಹಲವರು. ಹಸಿವಾಯಿತೇ ಎಂದು ಕೇಳುವವರು ಒಬ್ಬರಿದ್ದರೆ ಅದೃಷ್ಟ. ನಾನು ಗೋಡೆಯಾಚೆಗೇ ಇದ್ದೆ, ಕೇಳಲಿಲ್ಲ.