ಕೆಂಪು ಹಿಡಿಯ ಪಾತ್ರೆ

ವಿಲ್ಮಾ ಸೌಟನ್ನು ಪಾತ್ರೆಗೆ ಅದ್ದುವಷ್ಟರಲ್ಲಿ ಓಪಲ್ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು.

"ಈ ಪಾತ್ರೆ ಎಲ್ಲಿಂದ ಬಂತು?"

"ಬಿಡು ಅತ್ತಿಗೆ, ಸಾರು ಚೆಲ್ಲತ್ತೆ."

"ಎಲ್ಲಿಂದ ಬಂತು ಅಂತ ಕೇಳ್ದೆ."

ವಿಲ್ಮಾ ತೀರಿಕೊಂಡ ವರ್ಜಿಲನ ತಂಗಿ. ಅಣ್ಣನ ಮಣ್ಣಿಗೆಂದು ಗಂಡ ಕ್ಲೀಟನ ಜೊತೆ ಎರಡು ದಿನ ಮೊದಲೇ ಪಕ್ಕದ ಜಿಲ್ಲೆಯಿಂದ ಬಂದು, ಅತ್ತಿಗೆಯ ಅಡುಗೆಮನೆಯನ್ನು ಪೂರಾ ತನ್ನ ಕೈಗೆ ತೆಗೆದುಕೊಂಡಿದ್ದಳು. ಅದರಲ್ಲಿ ತಪ್ಪೇನೂ ಇಲ್ಲ. ಸಾವಾದ ಮನೆಯಲ್ಲಿ ಗಂಡನನ್ನು ಕಳೆದುಕೊಂಡವಳು ಒಲೆಯ ಹತ್ತಿರ ಸುಳಿಯಬಾರದು ಅನ್ನುವುದು ಈ ಕಣಿವೆಯ ರೀತಿ. ಬೆಳಗಿನಿಂದ ಓಪಲ್ ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡಿರಲಿಲ್ಲ. ಜಗಲಿಯ ಮೇಜಿನ ಮೇಲೆ ನೆರೆಯವರು ತಂದ ಹಂದಿಮಾಂಸ, ಆಲೂಗಡ್ಡೆ, ಮೆಕ್ಕೆಜೋಳದ ಬ್ರೆಡ್ಡು, ಸೇಬಿನ ಕಡುಬು ಎಲ್ಲ ಸಾಲಾಗಿ ಇದ್ದವು. ನಡುವೆ ಈ ದೊಡ್ಡ ಕಬ್ಬಿಣದ ಪಾತ್ರೆ ಇತ್ತು. ಅದರ ತುಂಬ ಹಂದಿಮೂಳೆ ಹಾಕಿ ಬೇಯಿಸಿದ ಕಾಳು.

"ಕ್ಲೀಟ್ ತಂದ್ಕೊಟ್ಟ. ಹಿತ್ತಲಲ್ಲಿ ಎಲ್ಲೋ ಇತ್ತಂತೆ. ನಲವತ್ತು ಜನಕ್ಕೆ ಕಾಳು ಬೇಯ್ಸೋಕೆ ನಿನ್ನ ಆ ಪುಟಾಣಿ ಪಾತ್ರೆ ಸಾಲತ್ತಾ?"

"ಹಿತ್ತಲಲ್ಲಿ ಅಂದ್ರೆ ಎಲ್ಲಿ? ನೆಲಮಾಳಿಗೆಲೋ ಶೆಡ್ಡಲ್ಲೋ?"

"ನಂಗೇನು ಗೊತ್ತು? ಅವ್ನು ತಂದು ಕಟ್ಟೆ ಮೇಲೆ ಕುಕ್ಕಿ ಹೋದ."

"ಹಿಡಿ ಮೇಲೆ ಕೆಂಪು ಬಣ್ಣ ಇತ್ತಾ?"

ವಿಲ್ಮಾ ಯೋಚಿಸಿದಳು. "ಕೆಂಪಗೆ ಏನೋ ಇತ್ತಪ್ಪ. ತುಕ್ಕೋ ಬಣ್ಣಾನೋ ಯಾರು ನೋಡ್ದೋರು. ಮೈಯೆಲ್ಲ ಗಲೀಜು. ಮರಳು ಹಾಕಿ ಉಜ್ಜಿ, ಬೆಂಕೀಲಿ ಕಾಯ್ಸಿ, ಕೊಬ್ಬು ಸವರಿ ಇಷ್ಟು ಚೆಂದ ಮಾಡಿದೀನಿ. ಒಂದು ಒಳ್ಳೆ ಮಾತಾಡೋದು ಬಿಟ್ಟು ಪೊಲೀಸರ ಥರ ಕೇಳ್ತೀಯಲ್ಲ."

ಓಪಲ್ ಹಿಡಿಯನ್ನು ನೋಡಿದಳು. ಕಪ್ಪಗೆ ಫಳಫಳ ಹೊಳೆಯುತ್ತಿತ್ತು. ಕೆಂಪು ಇದ್ದ ಗುರುತು ಎಲ್ಲೂ ಇರಲಿಲ್ಲ. ಆಮೇಲೆ ತಲೆ ಎತ್ತಿ ಜಗಲಿಯ ಆ ತುದಿಗೆ ನೋಡಿದಳು. ಅಲ್ಲಿ ತೂಗುಕುರ್ಚಿಯಲ್ಲಿ ಮೊಮ್ಮಗಳು ಕೆಲ್ಸಿ ಏಳು ತಿಂಗಳ ಬಸುರಿನ ಮೇಲೆ ಬಟ್ಟಲಿಟ್ಟುಕೊಂಡು, ತಳದ ಸಾರನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಗಂಡಸರೆಲ್ಲ ಇನ್ನೂ ಮನೆಯ ಹಿಂದಿನ ಗುಡ್ಡದ ಮೇಲೆ ಗುಂಡಿ ಮುಚ್ಚುತ್ತಿದ್ದರು. ಅವರು ಕೈ ತೊಳೆಯುವವರೆಗೆ ಇಲ್ಲಿ ಯಾರೂ ತಟ್ಟೆ ಮುಟ್ಟುವುದಿಲ್ಲ. ಆದರೆ ಬಸುರಿ ಹೆಂಗಸು ಕಾಯಬೇಕಿಲ್ಲ. ಅವಳಿಗೆ ಮೊದಲು ಬಡಿಸಬೇಕು. ವಿಲ್ಮಾ ಬಡಿಸಿದ್ದಳು.

* * *

ಮೂವತ್ತೆರಡು ವರ್ಷದ ಹಿಂದೆ, ಗಣಿ ಮುಚ್ಚಿದ ಚಳಿಗಾಲದಲ್ಲಿ, ವರ್ಜಿಲನಿಗೆ ಗುಂಡು ಎರಕ ಹೊಯ್ಯುವ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ಅನ್ಯಾಯವಾದೀತು. ಜಿಂಕೆ ಹೊಡೆದರೆ ಮನೆಗೆ ಮಾಂಸ, ಇಲ್ಲದಿದ್ದರೆ ಬರೀ ಆಲೂಗಡ್ಡೆ ಅನ್ನುವ ಕಾಲ ಅದು. ಅಂಗಡಿಯ ತೋಟಾ ಕೊಳ್ಳುವಂತಿರಲಿಲ್ಲ. ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ಆಯ್ದಿಟ್ಟುಕೊಂಡಿದ್ದ. ಟೈರು ಅಂಗಡಿಯವರು ಚಕ್ರಕ್ಕೆ ತೂಕ ಸರಿಮಾಡಲು ಬಡಿಯುವ ಸೀಸದ ತುಂಡುಗಳನ್ನು, ಹಳೆಯವಾದಾಗ ಬಕೆಟ್ಟಿಗೆ ಎಸೆಯುತ್ತಾರೆ. ಕೇಳಿದರೆ ಸುಮ್ಮನೆ ಕೊಡುತ್ತಾರೆ ಎಂದು ಯಾರೋ ಹೇಳಿದರು.

"ಶುರು ಮಾಡೋಕೆ ಏನು ಮಹಾ ಬೇಕು? ಒಂದು ಪಾತ್ರೆ, ಒಂದು ಸೌಟು, ಒಂದು ಅಚ್ಚು," ಎಂದ ವರ್ಜಿಲ್.

ಅಚ್ಚನ್ನು ಗೆಳೆಯನಿಂದ ಕೇಳಿ ತಂದ. ಯಾರದೋ ಮನೆಯಂಗಳದ ಹಳೆ ಸಾಮಾನಿನ ಮಾರಾಟದಲ್ಲಿ ಎರಡು ಡಾಲರಿಗೆ ಕಬ್ಬಿಣದ ಪಾತ್ರೆ ಸಿಕ್ಕಿತು. ನೆಲಮಾಳಿಗೆಯಲ್ಲಿಟ್ಟಿದ್ದ, ಓಪಲಳ ತಾಯಿ ಕೊಟ್ಟ ಪಾತ್ರೆಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ, ಅವಳಿ ಮಕ್ಕಳ ಹಾಗಿದ್ದವು. ಕರಗಿದ ಸೀಸವನ್ನು ಬಿಲ್ಲೆಗಳಾಗಿ ಆರಿಸಲು ಓಪಲಳ ಹನ್ನೆರಡು ಗುಳಿಯ ಕೇಕ್ ತಟ್ಟೆಯೇ ಆಯಿತು. ಹೊರಗೆ ಹಿಮ ಬೀಳುತ್ತಿದ್ದುದರಿಂದ ಒಲೆಯೂ ಅಡುಗೆಮನೆಯದೇ. ಸೀಸ ಕರಗಿ ಕನ್ನಡಿಯಂತಾದಾಗ ಮೋಂಬತ್ತಿಯ ಚೂರು ಹಾಕಿ ಕಲಕುತ್ತಿದ್ದ. ಕಸ ಮೇಲೆ ಬರುತ್ತಿತ್ತು, ಕೆನೆ ತೆಗೆದಂತೆ ತೆಗೆಯುತ್ತಿದ್ದ. ನಾಲ್ಕು ವರ್ಷದ ಮಗಳು ಲೊರೆಟಾ ಮೇಜಿನ ಕೆಳಗೆ ಕೂತು ಆರಿದ ಗುಂಡುಗಳನ್ನು ಸಾಲಾಗಿ ನಿಲ್ಲಿಸಿ ಆಡುತ್ತಿದ್ದಳು. ಒಂದೊಂದು ಸಲ ಬಾಯಿಗೂ ಹಾಕಿಕೊಳ್ಳುತ್ತಿದ್ದಳು. ಗದರಿದರೆ ಉಗಿಯುತ್ತಿದ್ದಳು.

ಒಂದು ದಿನ ಬಕೆಟ್ಟಿನಲ್ಲಿ ಹಿಮ ಅಂಟಿದ ತುಂಡೊಂದಿತ್ತು. ಅದನ್ನು ಹಾಕಿದ್ದೇ ತಡ, ಪಾತ್ರೆಯಿಂದ ಸೀಸ ಢಮ್ಮೆಂದು ಚಾವಣಿಗೆ ಹಾರಿತು. ವರ್ಜಿಲನ ಮುಂಗೈ ಸುಟ್ಟಿತು. ಮೇಜಿನ ಕೆಳಗಿದ್ದ ಮಗುವಿಗೆ ಏನೂ ಆಗಲಿಲ್ಲ. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದು ಗಂಡ ಹೆಂಡತಿ ಇಬ್ಬರೂ ನಕ್ಕರು. ಸಿಡಿದ ಸೀಸಕ್ಕೆ ಹೆದರಿದರೇ ಹೊರತು, ದಿನಾ ಉಸಿರಾಡುತ್ತಿದ್ದ ಹೊಗೆಗೆ, ಮಗು ಬಾಯಿಗೆ ಹಾಕಿಕೊಂಡದ್ದಕ್ಕೆ ಯಾರೂ ಹೆದರಲಿಲ್ಲ.

ವಸಂತದಲ್ಲಿ ಜಿಲ್ಲೆಯ ನರ್ಸು ಬಂದು ಮಕ್ಕಳ ರಕ್ತ ತೆಗೆದುಕೊಂಡು ಹೋದಳು. ವಾರದ ನಂತರ ತಾನೇ ಕಾರು ಹತ್ತಿ ಮತ್ತೆ ಬಂದಳು. ನರ್ಸುಗಳು ಒಳ್ಳೆಯ ಸುದ್ದಿ ಹೇಳಲು ಅಷ್ಟು ದೂರ ಬರುವುದಿಲ್ಲ. ಮಗುವಿನ ರಕ್ತದಲ್ಲಿ ಸೀಸ ಸೇರಿತ್ತು. ಲೊರೆಟಾ ಒಂಬತ್ತು ವರ್ಷವಾದರೂ ಅಕ್ಷರ ಕೂಡಿಸಲಾರದೆ ಒದ್ದಾಡಿದಳು. ಅದು ಸೀಸದಿಂದಲೋ ಹುಟ್ಟಿನಿಂದಲೋ ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಓಪಲ್ ಮಾತ್ರ ನರ್ಸು ಬಂದ ದಿನವೇ ಹೇಳಿದ್ದಳು.

"ನಿನ್ನ ಸೀಸ ನನ್ನ ಮಗಳ ತಲೆ ತಿಂತು."

ಮರುದಿನ ವರ್ಜಿಲ್ ಎಲ್ಲವನ್ನೂ ಹಿತ್ತಲ ಶೆಡ್ಡಿಗೆ ಹೊತ್ತ. ಪಾತ್ರೆಯ ಹಿಡಿಗೆ ಕೆಂಪು ಬಣ್ಣ ಬಳಿದ. ಶೆಡ್ಡಿನ ಬಾಗಿಲಲ್ಲಿ ತಣ್ಣೀರಿನ ಬಕೆಟ್ಟು, ಸಾಬೂನು, ಬದಲಿಸಲು ಬೇರೆ ಅಂಗಿ ಬಂದವು. ಶೆಡ್ಡಿನದು ಮನೆಗೆ ಬರಬಾರದು, ಮನೆಯವರು ಶೆಡ್ಡಿಗೆ ಹೋಗಬಾರದು. ಆವತ್ತಿನಿಂದ ಓಪಲ್ ಆ ಹೊಸಿಲು ದಾಟಿರಲಿಲ್ಲ.

* * *

"ಪುಕ್ಕಲ ವರ್ಜಿಲ್ ಅಂತಿದ್ವಿ," ಎನ್ನುತ್ತಿದ್ದ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ ಮುದುಕ ಡೆನ್ವರ್. ಮಂಡಿ ನೋವೆಂದು ಅವನನ್ನು ಗುದ್ದಲಿ ಹಿಡಿಯಲು ಬಿಟ್ಟಿರಲಿಲ್ಲ. "ಎರಕ ಕಲಿಸು ಅಂತ ಹೋದ್ರೆ ಮೂರು ದಿನ ಬರೀ ಕೈ ತೊಳ್ಯೋದೇ ಕಲಿಸ್ದ. ಒಂದ್ಸಲ ಕಾಫಿ ಹಿಡ್ಕೊಂಡು ಶೆಡ್ಡಿಗೆ ಕಾಲಿಟ್ಟೆ. ಲೋಟ ಕಿತ್ಕೊಂಡು ಬೇಲಿಯಾಚೆ ಎಸೆದ. ಲೋಟ ನಂದು ಕಣಯ್ಯಾ ಅಂದ್ರೆ, ಹೊಟ್ಟೇನೂ ನಿಂದೇ ಅಂದ."

ಸುತ್ತ ಇದ್ದವರು ಮೆಲ್ಲಗೆ ನಕ್ಕರು. ಕೆಲ್ಸಿಯೂ ನಕ್ಕಳು.

ಓಪಲ್ ಎರಡು ಬಟ್ಟೆ ಎಳೆದುಕೊಂಡು, ಪಾತ್ರೆಯನ್ನು ಹಿಡಿ ಹಿಡಿದು ಎತ್ತಿ, ಜಗಲಿಯ ಅಂಚಿಗೆ ಹೊತ್ತು, ನಲವತ್ತು ಜನರ ಕಾಳನ್ನು ಅಂಗಳಕ್ಕೆ ಸುರಿದುಬಿಟ್ಟಳು. ಎಪ್ಪತ್ತು ವರ್ಷದ ಹೆಂಗಸಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ. ವರ್ಜಿಲನ ಮುದಿ ಬೇಟೆನಾಯಿ ವಾಸನೆ ಹಿಡಿದು ಓಡಿಬಂತು. ಓಪಲ್ ಅದನ್ನು ಒದ್ದಳು. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಒದ್ದಿರಲಿಲ್ಲ. ಅದು ಕುಂಯ್ ಎಂದು ಜಗಲಿಯ ಅಡಿಗೆ ನುಸುಳಿತು.

"ಅಯ್ಯೋ ದೇವರೇ, ಅತ್ತಿಗೆಗೆ ತಲೆ ಕೆಟ್ಟಿತು," ಎಂದಳು ವಿಲ್ಮಾ.

ಓಪಲ್ ಆಗಲೇ ಕೆಲ್ಸಿಯ ಮುಂದೆ ನಿಂತಿದ್ದಳು. "ಎಷ್ಟು ತಿಂದೆ?"

"ಒಂದು... ಒಂದೂವರೆ ಬಟ್ಟಲು. ಯಾಕಜ್ಜಿ?"

"ವಾಂತಿ ಮಾಡು. ಬೆರಳು ಹಾಕು. ಏಳು ಅಂದೆ."

"ಏನಿತ್ತು ಅದರಲ್ಲಿ?"

ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಲೊರೆಟಾ. ಈಗ ಮೂವತ್ತಾರರ ಹೆಂಗಸು. ಬೆಳಿಗ್ಗೆ ಅಪ್ಪನ ಬಗ್ಗೆ ಪಾದ್ರಿ ಓದಲು ಕೊಟ್ಟ ನಾಲ್ಕು ಸಾಲನ್ನು ಎಲ್ಲರೆದುರು ಬೆರಳಿಟ್ಟು ಓದಿ, ಮೂರನೆಯ ಸಾಲಿಗೆ ನಿಂತುಬಿಟ್ಟಿದ್ದಳು. ದುಃಖಕ್ಕೆ ಎಂದುಕೊಂಡಿದ್ದರು ಜನ.

"ಅದು ಅಪ್ಪನ ಸೀಸದ ಪಾತ್ರೆಯೇನಮ್ಮಾ?"

ಮೂವತ್ತೆರಡು ವರ್ಷದಲ್ಲಿ ಅವಳು ಆ ಪಾತ್ರೆಯ ಮಾತೆತ್ತಿದ್ದು ಅದೇ ಮೊದಲು. ಅವಳಿಗೆ ಎಲ್ಲ ಗೊತ್ತಿತ್ತೆಂದು ಓಪಲಳಿಗೆ ಗೊತ್ತೇ ಇರಲಿಲ್ಲ.

"ಗೊತ್ತಿಲ್ಲ ಮಗಳೇ. ಇರಬಹುದು."

ಲೊರೆಟಾ ಮಗಳ ಹೆಗಲು ಹಿಡಿದು ಬಚ್ಚಲಿಗೆ ಕರೆದೊಯ್ದಳು. ಒಳಗಿನಿಂದ ಕೆಲ್ಸಿ ಓಕರಿಸುವ ಸದ್ದು, ನಡುನಡುವೆ ಅಳು ಕೇಳಿಸಿತು.

ಶೆಡ್ಡು ಮೂವತ್ತು ಹೆಜ್ಜೆಯಲ್ಲಿತ್ತು. ಹೋಗಿ ಬಾಗಿಲು ತೆಗೆದರೆ ಮುಗಿಯಿತು. ಕೆಂಪು ಹಿಡಿಯ ಪಾತ್ರೆ ಅಲ್ಲಿದ್ದರೆ ಬದುಕಿದೆವು, ಇಲ್ಲದಿದ್ದರೆ ಮುಗಿದೇ ಹೋಯಿತು. ಆ ಇಲ್ಲದಿದ್ದರೆ ಅನ್ನುವುದು ಅವಳ ಕಾಲನ್ನು ಕಟ್ಟಿಹಾಕಿತ್ತು. ಗುಡ್ಡದ ಮೇಲಿಂದ ಮಣ್ಣು ತಟ್ಟುವ ಸದ್ದು ನಿಂತಿತು. ಇನ್ನು ಕ್ಲೀಟ್ ಬರುತ್ತಾನೆ.

* * *

ವರ್ಜಿಲ್ ಸಾಯುವ ಮೂರು ವಾರದ ಮುಂಚೆ ಒಂದು ಬೆಳಿಗ್ಗೆ ಹಾಸಿಗೆ ಖಾಲಿಯಾಗಿತ್ತು. ಗಣಿಯ ದೂಳು ತಿಂದ ಪುಪ್ಪುಸಕ್ಕೆ ಆಕ್ಸಿಜನ್ನು ಕೊಡುತ್ತಿದ್ದ ನಳಿಗೆ ದಿಂಬಿನ ಮೇಲೆ ಸುಮ್ಮನೆ ಬುಸುಗುಟ್ಟುತ್ತಿತ್ತು. ಓಪಲ್ ಹೊರಗೆ ಬಂದಳು. ಶೆಡ್ಡಿನಿಂದ ಡ್ರಿಲ್ಲಿನ ಕರ್ಕಶ ಸದ್ದು ಕೇಳಿಸಿತು. ಅದು ನಿಂತ ಮೇಲೆ ಸುತ್ತಿಗೆ. ಟಕ್ ಅಂತ ಒಂದು ಏಟು, ಆಮೇಲೆ ಎಷ್ಟೋ ಹೊತ್ತು ಕೆಮ್ಮು. ಮತ್ತೆ ಒಂದು ಏಟು.

ಅವಳು ಹೊಸಿಲಿನ ಹೊರಗೇ ನಿಂತು ಕೂಗಿದಳು. "ಸಾಯೋ ಕಾಲಕ್ಕೂ ನಿಂಗೆ ಆ ಸೀಸದ ಚಟ ಬಿಡ್ಲಿಲ್ವಾ?"

"ಮುಗೀತು ಓಪಲ್. ಇನ್ನೆರಡೇ ಇದೆ."

"ಇನ್ನೆರಡು ಗುಂಡು ಹೊಯ್ದು ಯಾವ ಜಿಂಕೆ ಹೊಡೀತೀಯಾ?"

ಒಳಗೆ ಮತ್ತೆ ಸುತ್ತಿಗೆಯ ಏಟು ಬಿತ್ತು. ಗಂಟೆಯ ನಂತರ ಗೋಡೆ ಹಿಡಿದುಕೊಂಡು ಬಂದ. ಅಂಗಿ ಬದಲಿಸಿದ್ದ, ಮೊಣಕೈವರೆಗೆ ತೊಳೆದಿದ್ದ. ತಣ್ಣೀರಿಗೆ ತುಟಿ ನೀಲಿಯಾಗಿತ್ತು. ಅವಳು ಆ ಇಡೀ ದಿನ ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಅವನು ಶೆಡ್ಡಿಗೆ ಹೋಗಲೂ ಇಲ್ಲ.

* * *

ಕ್ಲೀಟ್ ಗುದ್ದಲಿ ಹೆಗಲಿಗಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಇಳಿದು ಬಂದ. ಹಸಿದಿದ್ದ. ಅಂಗಳದ ಕಾಳನ್ನು ನೋಡಿ ನಿಂತ.

"ಇದೇನು, ಇವತ್ತು ಭೂಮಿತಾಯಿಗೆ ಮೊದಲ ಪಂಕ್ತಿಯಾ?"

"ಕ್ಲೀಟ್," ಎಂದಳು ಓಪಲ್. "ಆ ಪಾತ್ರೆ ಎಲ್ಲಿಂದ ತಂದೆ?"

"ಯಾಕಕ್ಕಾ, ನಾನೇನು ಕದ್ದಿಲ್ಲ. ಇವಳು ದೊಡ್ಡದು ಬೇಕು ಅಂದ್ಲು. ಶೆಡ್ಡಿಗೆ ಹೋದೆ."

ಓಪಲ್ ಜಗಲಿಯ ಕಂಬ ಹಿಡಿದುಕೊಂಡಳು. ಬಚ್ಚಲಿಂದ ಬಂದ ಲೊರೆಟಾ ಬಾಗಿಲಲ್ಲೇ ನಿಂತಳು.

"ಕೆಂಪು ಹಿಡೀದು ಒಂದಿತ್ತು," ಎಂದು ಕ್ಲೀಟ್ ತನ್ನ ಪಾಡಿಗೆ ಮುಂದುವರಿಸಿದ. "ಎತ್ತಿ ನೋಡ್ತೀನಿ, ತಳದಲ್ಲಿ ಬೆರಳು ತೂರೋವಷ್ಟು ತೂತು. ಕಾಳು ಹಾಕಿದ್ರೆ ಒಲೆ ಊಟ ಮಾಡ್ಬೇಕಿತ್ತು. ಅಲ್ಲೇ ಬಿಟ್ಟು ನೆಲಮಾಳಿಗೆಗೆ ಇಳಿದೆ. ಅಲ್ಲಿ ಇದು ಸಿಕ್ತು, ಮೈಯೆಲ್ಲ ತುಕ್ಕು. ನಮ್ಮ ಭಾವ ಅಂಥಾ ಪಾತ್ರೆಗೆ ಡ್ರಿಲ್ ಹಾಕಿ ಯಾಕೆ ಹಾಳು ಮಾಡ್ದನೋ."

ಓಪಲ್ ಮೆಟ್ಟಿಲಿಳಿದಳು. ಯಾರೋ ತೋಳು ಹಿಡಿಯಲು ಬಂದರು, ಕೊಡವಿಕೊಂಡಳು. ಅಂಗಳ ದಾಟಿ ಶೆಡ್ಡಿನ ಬಾಗಿಲು ತಳ್ಳಿದಳು, ಹೊಸಿಲು ದಾಟಿದಳು.

ಒಳಗೆ ಎಲ್ಲ ಒಪ್ಪವಾಗಿತ್ತು. ಮೇಜಿನ ಮೇಲೆ ಕೆಂಪು ಹಿಡಿಯ ಪಾತ್ರೆ ಕೂತಿತ್ತು. ಪಕ್ಕದಲ್ಲಿ ಕಬ್ಬಿಣದ ಪುಡಿ ಸುರುಳಿಸುರುಳಿಯಾಗಿ ಬಿದ್ದಿತ್ತು. ಗುಡಿಸುವಷ್ಟು ಉಸಿರು ಅವನಿಗೆ ಉಳಿದಿರಲಿಲ್ಲವೇನೋ. ಸೌಟಿಗೂ ತೂತು. ಹಿಂದಿನ ಗೋಡೆಯ ಕಿಟಕಿಯ ಪಕ್ಕ ಮೊಳೆಗೆ ಅವಳ ಕೇಕ್ ತಟ್ಟೆ ನೇತಾಡುತ್ತಿತ್ತು. ಹನ್ನೆರಡು ಗುಳಿಗೂ ಮೊಳೆ ಹೊಡೆದು ತೂತು ಮಾಡಿದ್ದ. ಮೊದಲ ಆರು ತೂತು ಸರಿಯಾಗಿ ನಟ್ಟನಡುವೆ ಇದ್ದವು. ಏಳನೆಯದರಿಂದ ಪಕ್ಕದಲ್ಲಿ ಗುರಿ ತಪ್ಪಿದ ಏಟಿನ ತಗ್ಗುಗಳಿದ್ದವು, ಎರಡು, ಮೂರು, ಐದು. ಕೊನೆಯ ಎರಡು ಗುಳಿ ಪೂರಾ ಜಜ್ಜಿಹೋಗಿ, ತೂತು ಅಂಚಿನಲ್ಲಿತ್ತು. ಇನ್ನೆರಡೇ ಇದೆ ಎಂದಿದ್ದ.

"ಮೂದೇವಿ," ಎಂದಳು ಓಪಲ್. "ಬಾಯಿ ಬಿಟ್ಟು ಹೇಳಬಾರದಾಗಿತ್ತಾ?" ಬೆಳಗಿನಿಂದ ಬಾರದ ಅಳು ಆಗ ಬಂತು.

"ಅಜ್ಜಿ?" ಬಾಗಿಲಾಚೆ ಕೆಲ್ಸಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಮುಖ ಬಿಳಿಚಿತ್ತು. "ಕ್ಲೀಟಜ್ಜ ಹೇಳ್ದ, ಏನೂ ಆಗಲ್ಲಂತೆ. ನಿಜಾನಾ? ಒಳಗೆ ಬರ್ಲಾ?"

"ನಿಜ. ಆದ್ರೆ ನೀನು ಬರಬೇಡ. ಅಲ್ಲೇ ನಿಲ್ಲು."

ಓಪಲ್ ತಟ್ಟೆಯನ್ನು ಮೊಳೆಯಿಂದ ಬಿಡಿಸಿ, ಅವಳಿಗೆ ಕಾಣುವಂತೆ ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದಳು. ಹನ್ನೆರಡು ಬೆಳಕಿನ ಚುಕ್ಕೆಗಳು ನೆಲದ ಮೇಲೆ ಬಿದ್ದು, ಅಲುಗಾಡುತ್ತಾ ಬಾಗಿಲವರೆಗೆ ಹೋಗಿ, ಹೊಸಿಲಿನ ಈಚೆಗೇ ನಿಂತವು.