ಅಖಾಡದಲ್ಲಿ ನಮ್ಮ ಬೆಳ್ಳ

ಬಲೂನು ಒಡೆಯಿತೋ ಪಟಾಕಿಯೋ, ಕಿವಿಯಲ್ಲಿ ಠಪ್ಪೆಂದಿತು, ಬೇಲಿಯ ಗಳ ಹಿಡಿದು ನಿಂತಿದ್ದೇನೆ, ಮೈಕಿನವನು ಕಿರುಚುತ್ತಿದ್ದಾನೆ, ಈಗ ಬರ್ತಾ ಐತೆ ನೋಡ್ರಪ್ಪಾ ಲೇಔಟ್ ಕಿಂಗ್, ಫೈನಲ್ ಓಟ, ಕೊಬ್ಬರಿ ಹರಿಯೋ ಗಂಡು ಯಾರಿದ್ದೀರಿ ಮುಂದೆ ಬರ್ರಿ — ಯಾವ ಕಿಂಗು, ಅದು ನಮ್ಮ ಬೆಳ್ಳ, ಉಡುತಡಿಯ ನಮ್ಮ ಕೊಟ್ಟಿಗೆಯಲ್ಲಿ ನನ್ನ ಸೆರಗು ಜಗಿದು ಬೆಳೆದ ಹೋರಿ, ಈಗ ಅದರ ಬೆನ್ನ ಮೇಲೆ ಸೈಟು ಮಾರುವ ಕಂಪನಿಯ ಬಟ್ಟೆ, ಫೋನ್ ನಂಬರ್ ಸಮೇತ, ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ, ಅದನ್ನು ಯಾರಿಗೂ ಹರಿಯಗೊಡದೆ ಓಡಿ ದಾಟಿದರೆ ಗೆಲುವು, ಥೂ, ಆದರೂ ಎಷ್ಟು ಚೆಂದ ಕಾಣುತ್ತಿದೆ, ಚೆಂದ ಕಾಣುತ್ತಿದೆಯಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು. ಹಿಂದಿನ ಓಟದಲ್ಲಿ ನೋಡಿದ್ದೆ, ಬಲ ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಹಾರುತ್ತಿತ್ತು, ಕುರಿ ಕಾಯುವ ಮನೆಯವಳಿಗೆ ಅಷ್ಟೂ ತಿಳಿಯದೇ, ಕುಂಟುವ ಕುರಿಯೂ ಹಾಗೇ ತಲೆ ಎತ್ತುತ್ತದೆ, ಟೆಂಟಿನ ಹಿಂದೆ ಹೋಗಿ ನನ್ನ ಗಂಡನಿಗೆ ಹೇಳಿದೆ, ರೀ, ಮೊಣಕಾಲು ಬಾತೈತಿ, ಇನ್ನೊಂದು ಓಟ ಬಿಡಬ್ಯಾಡ್ರಿ. ಇಂಜೆಕ್ಷನ್ ಕೊಡಿಸೇವಿ ಸುಮಾ, ಅದಕ್ಕ ನೋವು ಗೊತ್ತಾಗಂಗಿಲ್ಲ, ನೀ ಹೋಗಿ ಬೇಲಿ ಕಡೆ ನಿಂದ್ರು, ಅಂದರು. ನೋವು ಹೋರಿಗೆ ಗೊತ್ತಾಗದಿರಬಹುದು, ಕಾಲಿಗೆ ಗೊತ್ತಾಗುವುದಿಲ್ಲವೇ — ಕೇಳಬೇಕಿತ್ತು, ಬೇಲಿಗೆ ಬಂದು ನಿಂತೆ, ಇವರ ಮೈಮೇಲೂ ಅದೇ ಕಂಪನಿಯ ಟೀ ಶರ್ಟು, ಬೆಳ್ಳನನ್ನು ಮಾರಿದಾಗ ಬೆಳ್ಳನ ಜೊತೆ ಇವರೂ ಹೋದರು, ನೋಡಿಕೊಳ್ಳುವ ಕೆಲಸ, ತಿಂಗಳ ಸಂಬಳ. ಬೆಳ್ಳನನ್ನು ಕೊಂಡ ಆ ಕಂಪನಿಯ ಒಡೆಯ ಸುರೇಂದ್ರ ಸಾಹುಕಾರರು ಕೆಟ್ಟವರೇನಲ್ಲ, ಬೆಳ್ಳನಿಗೆ ಫ್ಯಾನು ಹಾಕಿಸಿದ್ದಾರೆ, ಮೊಟ್ಟೆ, ಬಾದಾಮಿ, ನನ್ನ ಮಗಳು ಸ್ಪಂದನ ಬಾದಾಮಿ ಕಂಡದ್ದೂ ಬೆಳ್ಳನ ಡಬ್ಬಿಯಲ್ಲೇ, ಉಂಡ ಮನೆಯ ಗಳ ಎಣಿಸಬಾರದು, ಎಣಿಸುತ್ತಿದ್ದೇನೆಯೇ ನಾನು, ಗೊತ್ತಾಗುತ್ತಿಲ್ಲ. ಮೊದಲು ದೀಪಾವಳಿಗೆ ನಮ್ಮೂರ ಓಣಿಯಲ್ಲಿ ಓಟ, ಮುಗಿಯಿತು, ಕೊಬ್ಬರಿ ಹರಿದವನೂ ನಮ್ಮ ಮನೆಯಲ್ಲೇ ಹೋಳಿಗೆ ಉಂಡು ಹೋಗುತ್ತಿದ್ದ, ಈಗ ಶಿವರಾತ್ರಿ ದಾಟಿದರೂ ಲಾರಿ ಹತ್ತಿಸಿ ಊರೂರು, ಬಹುಮಾನಕ್ಕೆ ಬೈಕು, ಕೊಬ್ಬರಿ ಹರಿಯುವ ಪೈಲ್ವಾನರಿಗೂ ಒಬ್ಬೊಬ್ಬ ಸಾಹುಕಾರ, ಯೂಟ್ಯೂಬಿನವರು ಮರ ಹತ್ತಿ ಕೂತಿದ್ದಾರೆ. ನಿಮ್ದೇನಮ್ಮ ಆ ಹೋರಿ, ಪಕ್ಕದಲ್ಲಿ ನಿಂತ ಆನವಟ್ಟಿಯ ಅಜ್ಜಿ ಕೇಳಿದಳು, ಹೂಂ ಅಂದೆ, ಅಲ್ಲ ಅಂದೆ, ಅಜ್ಜಿ ನನ್ನ ಮುಖ ನೋಡಿ ಎಲೆ ಅಡಿಕೆ ಜಗಿಯುವುದಕ್ಕೆ ಶುರು ಮಾಡಿದಳು. ಮಾವ ದೊಡ್ಡಬೀರಪ್ಪ ಬದುಕಿದ್ದಿದ್ದರೆ — ಕೂಗಿದ್ರ ನಿಲ್ಲದ ಹೋರಿನ ಓಣಿಗೆ ಬಿಡಬಾರದವ್ವ, ಯಾರದರೆ ಕೂಸು ಅಡ್ಡ ಬಂದಿರತೈತಿ, ಅನ್ನುತ್ತಿದ್ದರು, ಕುಯ್ದ ಜೋಳದ ಹೊಲದಲ್ಲಿ ಅವರು ಓಡಿಸುವುದು, ನಾನು ಬದುವಿನ ಮೇಲೆ ನಿಂತು ಹೋ ಬೆಳ್ಳಾ ಎಂದು ಕೂಗುವುದು, ಎಷ್ಟೇ ರಭಸದಲ್ಲಿದ್ದರೂ ಗಕ್ಕನೆ ತಿರುಗಿ ನನ್ನ ಕಡೆ ಬರುತ್ತಿತ್ತು, ಮಾರುವಾಗ ಇವರು ಸಾಹುಕಾರರಿಗೆ ಇದನ್ನು ಹೇಳಲಿಲ್ಲ, ಕರೆದರೆ ನಿಲ್ಲುವ ಹೋರಿಯನ್ನು ಯಾರು ಕೊಳ್ಳುತ್ತಾರೆ. ಈಗ ಕೂಗಿದರೆ ನಿಲ್ಲುತ್ತದೆ, ನಿಂತರೆ ಕೊಬ್ಬರಿ ಹರಿಯುತ್ತಾರೆ, ಸೋಲುತ್ತದೆ, ಸೋತರೆ ಕಾಲಿಗೆ ವಿಶ್ರಾಂತಿ — ಸೋತ ಹೋರಿಗೆ ವಿಶ್ರಾಂತಿ ಕೊಡುತ್ತಾರೋ, ಇನ್ನಾವುದಾದರೂ ಲಾರಿಗೆ ಹತ್ತಿಸುತ್ತಾರೋ, ಇವರ ಕೆಲಸ ಏನಾಗುತ್ತದೆ, ಗೆದ್ದರೆ ಮುಂದಿನ ಊರು, ಮತ್ತೆ ಇಂಜೆಕ್ಷನ್, ಅತ್ತ ದರಿ ಇತ್ತ ಹುಲಿ, ಮಾವ, ನೀವಾದರೂ ಹೇಳಬಾರದೇ, ಸತ್ತವರು ಹೇಗೆ ಹೇಳುತ್ತಾರೆ.

ಬಿಟ್ಟರು, ಜನ ಎರಡು ಸಾಲಾಗಿ ಸೀಳಿಕೊಂಡಿತು, ಡಿಜೆಯ ಸದ್ದು ಎದೆಯೊಳಗೆ ಗುದ್ದುತ್ತಿದೆ, ಬರುತ್ತಿದೆ, ಕಾಲು ನೋಡು ಸುಮಾ, ಬಲ ಮುಂಗಾಲು, ಊರಿತು, ತಲೆ ಹಾರಲಿಲ್ಲ, ಮತ್ತೆ ಊರಿತು, ಹಾರಲಿಲ್ಲ, ವಾಸಿಯಾಯಿತೇ, ನಾನೇ ಸುಮ್ಮನೆ ಹೆದರಿದೆನೇ, ಅದೇನು ಓಟ, ಒಬ್ಬ ಪೈಲ್ವಾನನನ್ನು ತಪ್ಪಿಸಿತು, ಇನ್ನೊಬ್ಬ ಉರುಳಿ ಬಿದ್ದ, ನನ್ನ ಬೆಳ್ಳ, ನನಗೆ ಹೆಮ್ಮೆಯಾಗುತ್ತಿದೆ, ಓಡು, ಓಡಬೇಡ, ಮೊಣಕಾಲು ಹಲಸಿನ ಮಿಡಿಯಷ್ಟು ಬಾತಿದೆಯಲ್ಲ, ಕೂಗಬಾರದು ಎಂದುಕೊಂಡೆ, ಹಾಗೆ ಅಂದುಕೊಳ್ಳುವಾಗಲೇ ಬಾಯಿ ತೆರೆದಿತ್ತು, ಹೋ ಬೆಳ್ಳಾ — ಆ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ, ಅದಕ್ಕೆ ಕೇಳಿಸಿತು, ಗಕ್ಕನೆ, ಹೊಲದಲ್ಲಿ ಮಾವ ಕಲಿಸಿದ ಹಾಗೇ, ಇಡೀ ಮೈಯ ಭಾರ ಬಲ ಮುಂಗಾಲಿನ ಮೇಲೆ ಹಾಕಿ ತಿರುಗಿತು, ನೋವಿದ್ದಿದ್ದರೆ ಹಾಗೆ ತಿರುಗುತ್ತಿರಲಿಲ್ಲ, ನೋವೇ ತಡೆಯುತ್ತಿತ್ತು, ಅದು ನನಗೆ ಈಗ ಹೊಳೆಯುತ್ತಿದೆ, ಈಗ, ಲಟಕ್ ಎಂದದ್ದು ಪಟಾಕಿಯಲ್ಲ. ಪೈಲ್ವಾನರು ಮುಗಿಬಿದ್ದರು, ಕೊಬ್ಬರಿ ಹೋಯಿತು, ಶಿಳ್ಳೆ, ಗಿರೀಶಾ ಏನಾತಲೇ ಅದಕ್ಕ, ಯಾಕ ನಿಂತತು, ಸಾಹುಕಾರರು ನನ್ನ ಗಂಡನ ಹೆಸರು ಹಿಡಿದು ಕೂಗುತ್ತಿದ್ದಾರೆ, ಇವರು ಬೇಲಿಯ ಕಡೆ ನೋಡುತ್ತಿದ್ದಾರೆ, ನನ್ನನ್ನೇ, ನಾನು ಇವರನ್ನು ನೋಡಲಾರೆ, ಮುರಿದದ್ದು ನನ್ನ ಕೂಗೋ, ಆ ಸೂಜಿಯೋ, ಮಾರಿದ ದಿನವೋ, ಕಾಲು ಮೊಣಕಾಲಿನ ಕೆಳಗೆ ನೇತಾಡುತ್ತಿದೆ, ಗೊರಸು ಹಿಂದಕ್ಕೆ ತಿರುಗಿಕೊಂಡಿದೆ, ಬೆಳ್ಳನಿಗೆ ನೋವಿಲ್ಲ, ಏನಾಯಿತೆಂದೇ ಗೊತ್ತಿಲ್ಲ, ನಾನು ಕರೆದೆನಲ್ಲ, ಅದಕ್ಕೇ ಬರುತ್ತಿದೆ, ಆ ಕಾಲನ್ನು ಊರಿ, ಊರಲಾಗದೆ, ಮತ್ತೆ ಊರಿ