ದವಡೆಯಲ್ಲಿ ಪೆಪ್ಪರ್‌ಮೆಂಟು

ಮೈಕಕ್ಕನಿಗೆ ಊಟಕ್ಕೆ ಹೊತ್ತಿರಲಿಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಬಸ್ಸು ಬಂದದ್ದು, ಹೊರಟದ್ದು ಕೂಗಿ ಹೇಳುವುದು ಅವಳ ಕೆಲಸ. ಎರಡು ಬಸ್ಸುಗಳ ನಡುವೆ ಡಬ್ಬಿ ತೆರೆದು ಗಬಗಬನೆ ನುಂಗಿ, ಕೊನೆಯ ತುತ್ತು ಇಳಿಯುವ ಮೊದಲೇ ಮೈಕಿನತ್ತ ಬಗ್ಗುತ್ತಿದ್ದಳು. ಮೇಜಿಗೆ ಬಿಗಿದ ಮೋಟು ಮೈಕು ಅದು. ಬಗ್ಗದಿದ್ದರೆ ದನಿ ಹಿಡಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಎದೆಯಿಂದ ಗಂಟಲವರೆಗೆ ಕೆಂಡ ಏರುತ್ತಿತ್ತು. ಅದಕ್ಕೆ ಮದ್ದು ಆ ಕೋಣೆಯಲ್ಲೇ ಇತ್ತು. ಕೆಲಸ ಕಲಿಸಿ ನಿವೃತ್ತರಾದ ಹಿರಿಯರು, ದವಡೆಯಲ್ಲಿ ಘಾಟು ಪೆಪ್ಪರ್‌ಮೆಂಟು ಇಟ್ಟುಕೊಂಡೇ ಮೈಕ್ ಮುಟ್ಟು, ದನಿ ಗಂಟೆಯ ಹಾಗೆ ಬರುತ್ತದೆ ಎಂದಿದ್ದರು. ಕೂಗುವವರೆಲ್ಲ ಹಾಗೇ ಮಾಡುತ್ತಿದ್ದರು. ಮೈಕಕ್ಕ ದನಿಗೊಂದು, ಉರಿಗೊಂದು ಬಾಯಿಗೆ ಹಾಕುತ್ತಲೇ ಇದ್ದಳು. ನಾಲಿಗೆ ತಂಪಾಗುತ್ತಿತ್ತು, ಗಂಟಲು ಇನ್ನಷ್ಟು ಉರಿಯುತ್ತಿತ್ತು. ದನಿ ಒಡೆಯತೊಡಗಿದಾಗ ಡ್ರೈವರುಗಳು ಕಿಟಕಿಗೆ ಬಂದು, ಅಕ್ಕಾ, ನಿಮ್ಮದೂ ಸೈಲೆನ್ಸರ್ ಹೋಯ್ತಾ ಎಂದು ಕೆಣಕುತ್ತಿದ್ದರು. ಅವಳೂ ನಗುತ್ತಿದ್ದಳು.

ಆಗಲೇ ಮೇಲಿನವರ ಆದೇಶ ಬಂತು. ಪ್ರಕಟಣೆಗಳನ್ನೆಲ್ಲ ಒಮ್ಮೆ ರೆಕಾರ್ಡ್ ಮಾಡಿ ಯಂತ್ರಕ್ಕೆ ತುಂಬುವುದು. ನಿಲ್ದಾಣದ ಸಿಬ್ಬಂದಿಯಲ್ಲಿ ಯಾರ ದನಿ ಆಯ್ಕೆಯಾಗುತ್ತದೋ ಅವರ ಕೆಲಸ ಖಾಯಂ, ಉಳಿದ ಕೂಗುವವರು ಮನೆಗೆ. ಪರೀಕ್ಷೆ ಮುಂದಿನ ಶುಕ್ರವಾರ.

ಮೈಕಕ್ಕ ಗಂಡನ ಜೊತೆ ಗಂಟಲಿನ ಡಾಕ್ಟರ ಬಳಿ ಹೋದಳು. ಅವರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಹೊಟ್ಟೆಯ ಬಾಯಿಗೊಂದು ಬಿರಡೆಯಿರುತ್ತದೆ, ಅದು ಸಡಿಲವಾಗಿ ಹುಳಿ ಮೇಲೇರಿ ದನಿಯ ತಂತುಗಳನ್ನು ಸುಟ್ಟಿದೆ ಎಂದರು. ಏನೇನು ತಿನ್ನುತ್ತೀರಿ ಎಂದಾಗ ಅವಳು ಬ್ಯಾಗಿನಿಂದ ಪೆಪ್ಪರ್‌ಮೆಂಟಿನ ಡಬ್ಬಿ ತೆಗೆದಿಟ್ಟಳು.

"ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು? ಇದು ಆ ಬಿರಡೆನ ಇನ್ನೂ ಸಡಿಲ ಮಾಡುತ್ತೆ. ಉರಿಯೋ ಬೆಂಕಿಗೆ ತುಪ್ಪ ಸುರಿದಿದ್ದೀರಿ."

"ಶುಕ್ರವಾರದೊಳಗೆ ಸರಿಹೋಗುತ್ತಾ ಸಾರ್?" ಎಂದ ಗಂಡ.

"ಯಾವ ಶುಕ್ರವಾರ? ಮೂರು ತಿಂಗಳಾದ್ರೂ ಬೇಕು. ಮಾತ್ರೆ ಕೊಡ್ತೀನಿ. ಮಾತು ಕಡಿಮೆ ಮಾಡಿ. ನಿಧಾನಕ್ಕೆ ಊಟ ಮಾಡಿ, ಉಂಡ ತಕ್ಷಣ ಬಗ್ಗಬೇಡಿ, ಮಲಗಬೇಡಿ."

ಮಾತ್ರೆ ಶುರುವಾಯಿತು, ಪೆಪ್ಪರ್‌ಮೆಂಟು ನಿಂತಿತು. ಮಾತು ಕಡಿಮೆ ಮಾಡಲು ರಜೆ ಕೇಳಿದಳು. ಶುಕ್ರವಾರ ಕಳೆದ ಮೇಲೆ ಬೇಕಾದಷ್ಟು ರಜೆ ಇದೆಯಲ್ಲ ಎಂದು ಮೇಲ್ವಿಚಾರಕ ನಕ್ಕ.

ಪರೀಕ್ಷೆಯ ದಿನವೂ ಸರದಿ ಬರುವವರೆಗೆ ಬಸ್ಸುಗಳನ್ನು ಕೂಗಿದಳು, ಡಬ್ಬಿಯೂಟ ನುಂಗಿದಳು. ಹೆಸರು ಕರೆದಾಗ ಕೈ ತಾನಾಗಿ ಮೇಜಿನ ಖಾನೆಗೆ ಹೋಯಿತು. ಅಲ್ಲಿ ಉಳಿದಿದ್ದ ಒಂದು ಪೆಪ್ಪರ್‌ಮೆಂಟು ದವಡೆಗೆ ಸೇರಿತು. ಮೊದಲ ವಾಕ್ಯ ಸರಿಯಾಗಿ ಬಂತು. ಎರಡನೆಯದರಲ್ಲಿ, "ಪ್ರಯಾಣಿಕರ ಗಮನಕ್ಕೆ" ಎನ್ನುವಾಗ, ಹುಳಿ ನುಗ್ಗಿ ಕೆಮ್ಮು ಹಿಡಿಯಿತು. ಯಂತ್ರ ನಡೆಸುತ್ತಿದ್ದವನು ನೀರು ಕೊಟ್ಟ, ಇನ್ನೊಂದು ಅವಕಾಶವನ್ನೂ ಕೊಟ್ಟ. ಕೆಮ್ಮೇ ರೆಕಾರ್ಡ್ ಆಯಿತು. ಪೆಪ್ಪರ್‌ಮೆಂಟು ಹಾಕಿಕೊಳ್ಳದಿದ್ದರೂ ಅದೇ ಆಗುತ್ತಿತ್ತೇನೋ. ಬಸ್ ಪಾಸ್ ಕೊಡುವ ಕೌಂಟರಿನ ಹುಡುಗಿಯ ದನಿ ಆಯ್ಕೆಯಾಯಿತು.

ಈಗ ಮೈಕಕ್ಕನಿಗೆ ಊಟಕ್ಕೆ ಬೇಕಾದಷ್ಟು ಹೊತ್ತಿದೆ. ಅಗಿದು ಅಗಿದು ಉಣ್ಣುತ್ತಾಳೆ, ಉಂಡು ನೆಟ್ಟಗೆ ಕೂರುತ್ತಾಳೆ. ಗಂಟಲು ಉರಿಯುವುದಿಲ್ಲ. ಅಡುಗೆಮನೆಯಿಂದ ಕರೆದರೆ ಪಡಸಾಲೆಯಲ್ಲಿರುವ ಗಂಡನಿಗೆ ಕೇಳಿಸುವುದಿಲ್ಲ, ತಟ್ಟೆ ಬಡಿಯುತ್ತಾಳೆ.

ಹೋದದ್ದು ಮೂರು: ದನಿ, ಕೆಲಸ, ಕೊನೆಗೆ ಉರಿ.